ಮದ್ದು ನಡೆಯಲಿ, ಶಾಲೆ ನಿಲ್ಲದಿರಲಿ

ಬೇಸಿಗೆಯ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಚಿಕಿತ್ಸಾಲಯಕ್ಕೆ ಒಂದು ಬಗೆಯ ತಂದೆ-ತಾಯಿಗಳು ಪ್ರತಿ ವರ್ಷವೂ ಬರುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಿಂದ, ಚಿಂಚೋಳಿಯ ತಾಂಡಾಗಳಿಂದ ಬಸ್ಸು ಹಿಡಿದು ಬರುವ ಇವರ ಹೆಗಲ ಮೇಲೆ ಆರೇಳು ವರ್ಷದ ಮಗು ಇರುತ್ತದೆ. ಕೆಲವು ಮಕ್ಕಳಿಗೆ ನಡಿಗೆ ಬಂದಿಲ್ಲ, ಕೆಲವಕ್ಕೆ ಮಾತು ಬಂದಿಲ್ಲ, ಕೆಲವಕ್ಕೆ ದೃಷ್ಟಿ ಮಂದ. “ಸಾಲಿಗಿ ಹೆಸರು ಹಚ್ಚೀರೇನು?” ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: “ಇನ್ನಾ ಇಲ್ರಿ ಸಾಹೇಬ್ರ, ಮೊದಲ ಆರಾಮ ಆಗ್ಲಿ, ಆಮ್ಯಾಲ ಹಚ್ತೀವಿ.”

ಈ ಮಾತಿನ ಹಿಂದೆ ಅಲಕ್ಷ್ಯವಿಲ್ಲ, ಅಕ್ಕರೆಯೇ ಇದೆ. ಆದರೆ ಹುಟ್ಟಿನಿಂದ ಬಂದ ಅನೇಕ ನ್ಯೂನತೆಗಳು ಪೂರ್ತಿಯಾಗಿ ವಾಸಿಯಾಗುವಂಥವಲ್ಲ. ವಾಸಿಯಾಗಲೆಂದು ಕಾಯುತ್ತ ಕಳೆಯುವ ವರ್ಷಗಳೇ ಮಗು ಮಾತು, ಅಕ್ಷರ, ಗೆಳೆತನಗಳನ್ನು ಕಲಿಯಬೇಕಾದ ವರ್ಷಗಳು.

ಈ ವಿಳಂಬದಲ್ಲಿ ವೈದ್ಯರಾದ ನಮ್ಮ ಪಾಲೂ ಇದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಾವು ವೃತ್ತಿಯನ್ನು ಆರಂಭಿಸಿದ ಕಾಲದಲ್ಲಿ ಚಿತ್ತಾಪುರದ ಕಡೆಯ ಕೂಲಿ ದಂಪತಿಗಳು ಮೂರು ವರ್ಷದ ಗಂಡು ಮಗುವನ್ನು ಕರೆತಂದಿದ್ದರು. ಮಗುವಿಗೆ ಹುಟ್ಟಿನಿಂದಲೂ ಕಿವಿ ಕೇಳುತ್ತಿರಲಿಲ್ಲ. ನಾವು ಎಣ್ಣೆ, ಘೃತ, ಲೇಹ್ಯಗಳನ್ನು ಕೊಡುತ್ತ ಹೋದೆವು. ಅವರು ಹೊಲದ ಕೆಲಸ ಬಿಟ್ಟು ತಿಂಗಳಿಗೊಮ್ಮೆ ಬರುತ್ತಲೇ ಇದ್ದರು. ಹೀಗೆ ನಾಲ್ಕು ವರ್ಷ ಕಳೆಯಿತು. ಅಷ್ಟು ಕಾಲದಲ್ಲಿ ಒಮ್ಮೆಯಾದರೂ ನಾವು ಶಾಲೆಯ ಸುದ್ದಿ ತೆಗೆಯಲಿಲ್ಲ. ಕಲಬುರಗಿಯಲ್ಲಿಯೇ ಶ್ರವಣದೋಷವುಳ್ಳ ಮಕ್ಕಳಿಗಾಗಿ ಸರ್ಕಾರಿ ವಸತಿ ಶಾಲೆ ಇದೆಯೆಂದು ಹೇಳಲಿಲ್ಲ. ಬಹಳ ವರ್ಷಗಳ ಅನಂತರ ಆತ ಯುವಕನಾಗಿ, ಫರಸಿ ಕಲ್ಲಿನ ಖಣಿಯಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡು ನಮ್ಮಲ್ಲಿಗೆ ಬಂದ. ನೋವು ಎಲ್ಲಿದೆ, ಎಂದಿನಿಂದ ಇದೆ ಎಂಬುದನ್ನು ತಿಳಿಸಲು ಆತನಿಗೆ ಬಾಯಿಮಾತೂ ಇರಲಿಲ್ಲ, ಬರವಣಿಗೆಯೂ ಇರಲಿಲ್ಲ, ಸಂಜ್ಞಾ ಭಾಷೆಯೂ ಇರಲಿಲ್ಲ. ಆತನ ಕಿವಿಯನ್ನು ನಾವು ತರಲಾರೆವಾಗಿದ್ದೆವು ನಿಜ. ಆದರೆ ಭಾಷೆಯನ್ನು ತಪ್ಪಿಸಿದ್ದರಲ್ಲಿ ನಮ್ಮ ಕೈ ಇತ್ತು. ಅಂದಿನಿಂದ ಇಂಥ ಮಕ್ಕಳ ಚೀಟಿಯಲ್ಲಿ ಔಷಧಿಯ ಹೆಸರು ಬರೆಯುವ ಮೊದಲು ಶಾಲೆಯ ಹೆಸರನ್ನು ಕೇಳಿ ಬರೆಯುವ ರೂಢಿಯನ್ನು ಇಟ್ಟುಕೊಂಡಿದ್ದೇವೆ.

ನಮ್ಮ ಶಾಸ್ತ್ರವೇನೂ ಹೀಗೆ ಕಾಯುತ್ತ ಕೂಡಿರೆಂದು ಹೇಳಿಲ್ಲ. ಬಾಲರೋಗಗಳಿಗೆ ಪ್ರಮಾಣ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಫಕ್ಕ ಎಂಬ ರೋಗದ ವಿವರಣೆ ಇದೆ. ವರ್ಷ ತುಂಬಿದರೂ ಕಾಲೂರಿ ನಡೆಯದ ಮಗುವಿಗೆ ಫಕ್ಕ ರೋಗವಿದೆಯೆಂದು ತಿಳಿಯಬೇಕು. ಅದು ಹಾಲಿನ ದೋಷದಿಂದ, ಗರ್ಭದ ಕಾರಣದಿಂದ, ಇತರ ವ್ಯಾಧಿಯಿಂದ ಎಂದು ಮೂರು ಬಗೆ. ಘೃತ, ಅಭ್ಯಂಗ, ಬಸ್ತಿಗಳನ್ನು ಹೇಳುವ ಆ ಅಧ್ಯಾಯವೇ ಮಗುವಿಗೆ ಮೂರು ಗಾಲಿಯ ಸಣ್ಣ ರಥವನ್ನು ಮಾಡಿಸಿ, ಅದನ್ನು ಹಿಡಿದು ನಡೆಯುವ ಅಭ್ಯಾಸ ಮಾಡಿಸಬೇಕೆಂದೂ ಹೇಳುತ್ತದೆ. ಇಂದು ಫಿಸಿಯೋಥೆರಪಿ ಕೋಣೆಗಳಲ್ಲಿ ಕಾಣುವ ವಾಕರ್‌ನ ಮುತ್ತಜ್ಜನೇ ಆ ರಥ! ಔಷಧವೂ ಬೇಕು, ಔಷಧ ಫಲಿಸುವ ಮೊದಲೇ ಮಗುವಿನ ಕೈಗೆ ಒಂದು ಸಾಧನವೂ ಬೇಕು ಎಂಬ ತಿಳಿವಳಿಕೆ ಆ ಆಚಾರ್ಯರಿಗೆ ಇತ್ತು. ನಾವು ಮಾತ್ರ ಘೃತವನ್ನು ಉಳಿಸಿಕೊಂಡು ರಥವನ್ನು ಮರೆತೆವು.

ಮಠಗಳ ಪರಂಪರೆಯಲ್ಲಿಯೇ ಇದಕ್ಕೆ ಉಜ್ವಲವಾದ ಉದಾಹರಣೆಯಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಭಕ್ತರೆಲ್ಲರೂ ಬಲ್ಲರು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ತಂದು, ಅನ್ನ ಕೊಟ್ಟು, ಸಂಗೀತ ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಬ್ರೈಲ್ ಲಿಪಿ ಕಲಿತು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷ ಲಿಂಗೈಕ್ಯರಾದರು. ಕಣ್ಣು ಬರಲಿ, ಆಮೇಲೆ ಕಲಿಸೋಣ ಎಂದು ಆ ಆಶ್ರಮದಲ್ಲಿ ಯಾರೂ ಕಾಯಲಿಲ್ಲ. ಕಿವಿ ಮತ್ತು ಬೆರಳುಗಳ ಮೂಲಕ ಏನು ಕಲಿಸಬಹುದೋ ಅದನ್ನು ಕಲಿಸಿದರು. ಆದರೆ ಅಂಧರಾದವರೆಲ್ಲ ಗವಾಯಿಗಳೇ ಆಗಬೇಕೆಂದೇನೂ ಇಲ್ಲ. ಗಣಿತದಲ್ಲಿ ಮನಸ್ಸಿರುವ ಅಂಧ ಹುಡುಗನಿಗೆ ಹಾರ್ಮೋನಿಯಂ ಕೊಟ್ಟು ಕೂರಿಸುವುದೂ ಒಂದು ಬಗೆಯ ಅನ್ಯಾಯವೇ.

ಕಿವಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಇಲ್ಲಿ ಕಾಲಕ್ಕೆ ಇರುವ ಬೆಲೆ ಇನ್ನಾವುದಕ್ಕೂ ಇಲ್ಲ. ಕೂಸು ಹುಟ್ಟಿದ 1 ತಿಂಗಳೊಳಗೆ ಶ್ರವಣ ಪರೀಕ್ಷೆ, ಸಂಶಯವಿದ್ದರೆ 3 ತಿಂಗಳೊಳಗೆ ಖಚಿತ ರೋಗನಿರ್ಣಯ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ಭಾಷಾ ತರಬೇತಿ ಎಂಬುದು ಈಗ ಎಲ್ಲ ದೇಶಗಳ ತಜ್ಞರೂ ಒಪ್ಪಿರುವ ಕ್ರಮ. ನಮ್ಮಲ್ಲಿ “ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು” ಎಂದು ಅಜ್ಜಿಯಂದಿರು ಸಮಾಧಾನ ಹೇಳುವುದರಲ್ಲಿಯೇ ಮೂರು ವರ್ಷ ಹೋಗುತ್ತದೆ. ಶಬ್ದ ಕೇಳದ ಮಿದುಳು ಭಾಷೆಗಾಗಿ ಇಟ್ಟುಕೊಂಡ ಜಾಗವನ್ನು ಬಹುಕಾಲ ಖಾಲಿ ಬಿಟ್ಟಿರುವುದಿಲ್ಲ. ಆದುದರಿಂದಲೇ ಶ್ರವಣ ಸಾಧನವಾಗಲಿ ಕಾಕ್ಲಿಯರ್ ಇಂಪ್ಲಾಂಟ್ ಆಗಲಿ ಎಳವೆಯಲ್ಲಿ ಆದಷ್ಟು ಫಲ ಹೆಚ್ಚು. ಹುಟ್ಟು ಕಿವುಡಿಗೆ ಕಿವಿಯಲ್ಲಿ ಎಣ್ಣೆ ಹನಿಸುವುದರಿಂದ ಶ್ರವಣ ಬರುವುದಿಲ್ಲವೆಂದು ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತಿದ್ದೇವೆ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆಯಿಂದ ಕೇಡೇ ಆದೀತು. ಸಂಜ್ಞಾ ಭಾಷೆ ಕಲಿತರೆ ಮಗು ಮಾತು ಕಲಿಯುವುದಿಲ್ಲವೆಂಬ ಭಯವೂ ಬೇಡ. ಯಾವುದಾದರೂ ಒಂದು ಭಾಷೆ ಗಟ್ಟಿಯಾಗಿ ನೆಲೆಸಿದ ಮಗುವಿಗೆ ಇನ್ನೊಂದು ಭಾಷೆಯನ್ನು ಕಲಿಯುವುದು ಸುಲಭ.

ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡುವ ನಮ್ಮ ಭಾಗದ ರೂಢಿಯನ್ನು ಇಲ್ಲಿ ನೆನೆಯದೆ ಇರಲಾಗದು. ಸೋದರಮಾವನಿಗೆ ಹೆಣ್ಣು ಕೊಟ್ಟರೆ ಹೊಲಮನೆ ಒಟ್ಟಿಗೆ ಉಳಿಯುತ್ತದೆ ಎನ್ನುವ ಲೆಕ್ಕಾಚಾರ ನಮಗೂ ಗೊತ್ತು. ಆದರೆ ಹುಟ್ಟು ಕಿವುಡು ಮತ್ತು ಕೆಲವು ಬಗೆಯ ದೃಷ್ಟಿದೋಷಗಳು ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚು. ಚರಕ ಸಂಹಿತೆಯ ಶಾರೀರ ಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ‘ಅತುಲ್ಯಗೋತ್ರೀಯ’ ಎಂದಿರುವುದನ್ನು ಹಿರಿಯರು ಗಮನಿಸಬೇಕು. ಗರ್ಭಿಣಿಗೆ ರುಬೆಲ್ಲಾ ತಗುಲಿದರೂ ಮಗುವಿನ ಕಿವಿ, ಕಣ್ಣು, ಹೃದಯ ಮೂರಕ್ಕೂ ಅಪಾಯ. ಅದಕ್ಕೆ ಲಸಿಕೆ ಇದೆ, ಅದನ್ನು ತಪ್ಪಿಸಬಾರದು.

ಕಾಲು ಕೈ ಸೆಟೆದುಕೊಂಡಿರುವ, ಜನರು ಸಾಮಾನ್ಯವಾಗಿ ‘ಸಿಪಿ’ ಎಂದು ಕರೆಯುವ ಮಕ್ಕಳಿಗೆ ಅಭ್ಯಂಗ, ಸ್ವೇದನಗಳಿಂದ ಹಿತವಾಗುವುದನ್ನು ಕಂಡಿದ್ದೇವೆ. ಮೈ ಸಡಿಲಗೊಳ್ಳುತ್ತದೆ, ನಿದ್ರೆ ಬರುತ್ತದೆ. ಆದರೆ ಮಿದುಳಿಗೆ ಆಗಿರುವ ಹಾನಿ ಅದರಿಂದ ಮಾಯುವುದಿಲ್ಲ. ಆದುದರಿಂದ ಪಂಚಕರ್ಮಕ್ಕೆಂದು ತಿಂಗಳುಗಟ್ಟಲೆ ಶಾಲೆ ಬಿಡಿಸಬೇಡಿ. ಬೇಸಿಗೆಯ ರಜೆ, ದಸರಾ ರಜೆಗಳಲ್ಲಿ ಚಿಕಿತ್ಸೆ ಇಟ್ಟುಕೊಳ್ಳಬಹುದು. ಹರಕೆ ಹೊರುವವರು ಹರಕೆಯನ್ನೂ ಹಾಗೆಯೇ ಮಾಡಲಿ. ಬೇಡವೆನ್ನಲು ನಾವು ಯಾರು?

ಇನ್ನು ಕಾನೂನಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕೆ ಮೇಲ್ಪಟ್ಟ ನ್ಯೂನತೆಯುಳ್ಳ, 6ರಿಂದ 18 ವರ್ಷದ ಮಗುವಿಗೆ ನೆರೆಯ ಸಾಮಾನ್ಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಯಾವ ಶಾಲೆಯೆಂಬ ಆಯ್ಕೆ ಮಗುವಿನದು ಮತ್ತು ಮನೆಯವರದು. ‘ಇಂಥ ಮಗು ನಮ್ಮಲ್ಲಿ ಬೇಡ’ ಎಂದು ಸರ್ಕಾರದ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ ಹೇಳುವಂತಿಲ್ಲ. ಉನ್ನತ ಶಿಕ್ಷಣದಲ್ಲಿ ಶೇ 5, ಸರ್ಕಾರಿ ಹುದ್ದೆಗಳಲ್ಲಿ ಶೇ 4 ಸ್ಥಾನಗಳು ಮೀಸಲು. ಹತ್ತನೆಯ ತರಗತಿ ಮುಗಿಸದ ಹುಡುಗನಿಗೆ ಈ ಮೀಸಲಾತಿಯಿಂದ ಏನು ಪ್ರಯೋಜನ ಎಂಬುದನ್ನು ಓದುಗರೇ ಯೋಚಿಸಬೇಕು.

ಈ ಹಕ್ಕುಗಳಿಗೆ ಬಾಗಿಲು ಯುಡಿಐಡಿ ಕಾರ್ಡು. ಅದಕ್ಕೆ ಅಂತರ್ಜಾಲದಲ್ಲಿ ಅರ್ಜಿ ಹಾಕಿ, ಅನಂತರ ಸರ್ಕಾರಿ ಆಸ್ಪತ್ರೆಯಲ್ಲಿ ಗೊತ್ತುಪಡಿಸಿದ ವೈದ್ಯರ ಮುಂದೆ ಮಗುವನ್ನು ತೋರಿಸಬೇಕು. ನಾವು ಬರೆದುಕೊಡುವ ಚೀಟಿ ಇದಕ್ಕೆ ನಡೆಯುವುದಿಲ್ಲ. ಭಕ್ತರು ಸಲುಗೆಯಿಂದ ಕೇಳುತ್ತಾರೆ, ಇಲ್ಲವೆನ್ನಲು ನಮಗೆ ಸಂಕೋಚವಾಗುತ್ತದೆ. ಅರ್ಜಿ ಹಾಕಲು ಬಾರದವರಿಗೆ ನೆರವಾಗಲೆಂದೇ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರು ಸಾಮಾನ್ಯವಾಗಿ ತಾವೂ ವಿಕಲಚೇತನರೇ ಆಗಿರುವುದರಿಂದ ಮನೆಯವರ ಕಷ್ಟವನ್ನು ಬೇಗ ಅರಿಯುತ್ತಾರೆ. ಶಾಲೆಗಳಿಗೆ ಭೇಟಿ ಕೊಡುವ ವಿಶೇಷ ಸಂಪನ್ಮೂಲ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ಸಿಗುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಏರ್ಪಾಡೂ ಇದೆ. ಆದರೆ ಮೂರು ಮೆಟ್ಟಿಲು ಹತ್ತಲಾರದ ಮಗುವನ್ನು ಆ ಪಟ್ಟಿಗೆ ಸೇರಿಸಿ ಮನೆಯಲ್ಲಿ ಉಳಿಸುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಚಿಕಿತ್ಸೆ ಬೇಕಾಗಿರುವುದು ಮೆಟ್ಟಿಲಿಗೆ.

ಮೆಟ್ಟಿಲಿನ ಮಾತು ಬಂದಾಗ ನಮ್ಮ ಸೀಮೆಯ ಜನರಿಗೆ ಕೊಂಚ ನಾಚಿಕೆಯಾಗಬೇಕು. ಶಹಾಬಾದಿನ ಫರಸಿ ದೂರದೂರದ ಊರುಗಳ ಮನೆಗಳಿಗೆ ನೆಲವಾಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟಿನಿಂದ ಎಷ್ಟು ಊರುಗಳ ಕಟ್ಟಡಗಳು ಎದ್ದಿವೆಯೋ! ಕಲ್ಲು ನಮ್ಮದು, ಸಿಮೆಂಟು ನಮ್ಮದು; ನಮ್ಮ ಮಕ್ಕಳ ಶಾಲೆಯ ಬಾಗಿಲಿಗೆ ಒಂದು ಸರಿಯಾದ ಇಳಿಜಾರು ಮಾತ್ರ ಎಷ್ಟೋ ಕಡೆ ಇಲ್ಲ. ಇದ್ದಲ್ಲಿಯೂ ಲೆಕ್ಕ ತಪ್ಪಿರುತ್ತದೆ. ನಿಯಮವೆಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರು ಅಂಗುಲದ ಮೂರು ಮೆಟ್ಟಿಲುಗಳಿದ್ದರೆ ಎತ್ತರ ಒಂದೂವರೆ ಅಡಿ. ಇಳಿಜಾರು 18 ಅಡಿ ಉದ್ದವಿರಬೇಕು. ಜಾಗವಿಲ್ಲವೆಂದು ಐದಾರು ಅಡಿಯಲ್ಲಿ ಮುಗಿಸಿದರೆ ಅದು ಮೋಟಾರು ಸೈಕಲ್ ಹತ್ತಿಸಲು ಮಾತ್ರ ಉಪಯೋಗ. ಗಾಲಿಕುರ್ಚಿಯ ಮಗು ಹಿಂದಕ್ಕೆ ಉರುಳುತ್ತದೆ. ಅಗಲ 4 ಅಡಿಯಾದರೂ ಇರಲಿ, ಎರಡೂ ಬದಿಗೆ ಹಿಡಿಕೆ ಇರಲಿ, ಶೌಚಾಲಯದ ಬಾಗಿಲು 3 ಅಡಿ ಇರಲಿ. ಪಾಲಿಶ್ ಮಾಡಿದ ಫರಸಿಯನ್ನು ಮಾತ್ರ ಇಳಿಜಾರಿಗೆ ಹಾಸಬೇಡಿ. ಮಳೆ ಬಿದ್ದರೆ ಊರುಗೋಲಿನ ರಬ್ಬರು ಅದರ ಮೇಲೆ ನಿಲ್ಲುವುದಿಲ್ಲ. ಅದೇ ಕಲ್ಲಿನ ಒರಟು ಮೈಯನ್ನು ಮೇಲೆ ಮಾಡಿ ಹಾಸಿದರೆ ಸಾಕು, ಖರ್ಚೂ ಕಡಿಮೆ. ಮಳೆಗಾಲದಲ್ಲಿ ಎರೆಮಣ್ಣು ತ್ರಿಚಕ್ರ ಸೈಕಲ್ಲಿನ ಗಾಲಿಗೆ ಮೆತ್ತಿ ಹೆಜ್ಜೆ ಮುಂದಕ್ಕೆ ಹೋಗದು; ಆದುದರಿಂದ ರಸ್ತೆಯಿಂದ ಶಾಲೆಯ ಬಾಗಿಲಿನವರೆಗೆ ಒಂದು ಸಾಲು ಫರಸಿ ಬೇಕು. ಇಷ್ಟಲಿಂಗವನ್ನು ಅಂಗೈಗೆ ತಂದುಕೊಟ್ಟು ಗುಡಿಯ ಮೆಟ್ಟಿಲು ಹತ್ತುವ ಅಗತ್ಯವನ್ನೇ ಇಲ್ಲವಾಗಿಸಿದ ಶರಣರ ಅನುಯಾಯಿಗಳು ನಾವು. ನಮ್ಮ ಕಲ್ಯಾಣ ಮಂಟಪಗಳ, ದಾಸೋಹದ ಪ್ರಸಾದ ನಿಲಯಗಳ ಮೆಟ್ಟಿಲುಗಳನ್ನೂ ಒಮ್ಮೆ ಎಣಿಸಿ ನೋಡುವುದು ಒಳಿತು.

ತರಗತಿಯೊಳಗೆ ಬೇಕಾಗುವುದರಲ್ಲಿ ಬಹುಪಾಲಿಗೆ ಹಣವೇ ಬೇಡ. ದೃಷ್ಟಿ ಮಂದವಿರುವ ಮಗುವನ್ನು ಮೊದಲ ಸಾಲಿನಲ್ಲಿ, ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದಂತೆ ಕೂಡಿಸಬೇಕು. ಹಲಗೆಯ ಮೇಲೆ ಬರೆದುದನ್ನು ಗುರುಗಳು ಬಾಯಿಬಿಟ್ಟು ಓದಬೇಕು. ಕಿವಿ ಮಂದವಿರುವ ಮಗುವಿಗೆ ಗುರುಗಳ ಮುಖ ಕಾಣಬೇಕು. ಹಲಗೆಯ ಕಡೆ ತಿರುಗಿ ಹೇಳಿದ ಪಾಠ ಆ ಮಗುವಿನ ಪಾಲಿಗೆ ಇಲ್ಲ. ಓದು-ಬರಹದಲ್ಲಷ್ಟೇ ಎಡವುವ, ಉಳಿದಂತೆ ಚುರುಕಾದ ಮಕ್ಕಳನ್ನು ದಡ್ಡರೆಂದು ಬಡಿಯುವ ಮೊದಲು ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷಿಸಬೇಕು. ಆದರೆ ಇಲ್ಲಿ ಒಂದು ಎಚ್ಚರಿಕೆ: ಚಿಂಚೋಳಿಯ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಗಡಿಯ ಹಳ್ಳಿಯ ಮಗು ತೆಲುಗು ಆಡುತ್ತದೆ. ಒತ್ತಕ್ಷರಗಳಲ್ಲಿ ಅವು ತಡವರಿಸಿದರೆ ಅದಕ್ಕೆ ಭಾಷೆಯ ಹೊಸತನವೇ ಕಾರಣವಿದ್ದೀತು. ಅವಸರದಿಂದ ಹಣೆಪಟ್ಟಿ ಹಚ್ಚಬಾರದು.

ಪರೀಕ್ಷೆಯ ಸೌಲಭ್ಯಗಳು ನಮ್ಮ ಕಡೆ ತಿಳಿಯುವುದೇ ಪರೀಕ್ಷೆ ಮುಗಿದ ಮೇಲೆ. ಬರೆಯಲಾಗದವರು ಬರೆಯುವ ಸಹಾಯಕನನ್ನು ಪಡೆಯಬಹುದು, ಹೆಚ್ಚುವರಿ ಸಮಯ ಕೇಳಬಹುದು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಗೂ ಕಾಯ್ದೆಯಲ್ಲಿ ಅವಕಾಶವಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದಿತು. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಕೈ ಸೆಟೆತದಿಂದ ಬರೆಯಲಾಗದಿದ್ದ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ 2021ರ ಫೆಬ್ರುವರಿ 11ರಂದು ಸರ್ವೋಚ್ಚ ನ್ಯಾಯಾಲಯವು, ಶೇ 40 ಎಂಬ ಅಳತೆ ಮುಟ್ಟದವರಿಗೂ ಬರೆಯುವ ಸಹಾಯಕನನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು. ಇದನ್ನೆಲ್ಲ ಕೇಳಬೇಕಾದುದು ಪರೀಕ್ಷೆಯ ಹಿಂದಿನ ದಿನ ಅಲ್ಲ. ಶಾಲೆಯ ಮುಖ್ಯ ಗುರುಗಳ ಮೂಲಕ, ಅರ್ಜಿ ತುಂಬುವ ಸಮಯದಲ್ಲಿಯೇ.

ಈಗ ಇನ್ನೊಂದು ಬಗೆಯ ಮೆಟ್ಟಿಲು ಎದ್ದಿದೆ, ಅದು ಫೋನಿನೊಳಗೆ. ವಿದ್ಯಾರ್ಥಿವೇತನದ ಅರ್ಜಿ, ಪ್ರವೇಶಪತ್ರ, ಫಲಿತಾಂಶ ಎಲ್ಲವೂ ಅಂತರ್ಜಾಲಕ್ಕೆ ಹೋಗಿವೆ. ಕಣ್ಣು ಕಾಣದವರು ಫೋನು ಬಳಸುವುದು ಹೇಗೆಂದು ಹಿರಿಯರು ಅಚ್ಚರಿಪಡುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಬೆರಳು ಮುಟ್ಟಿದಲ್ಲಿ ಏನಿದೆಯೆಂದು ಅದು ಕನ್ನಡದಲ್ಲಿಯೂ ಓದಿ ಹೇಳುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಆದರೆ ಪರದೆಯ ಮೇಲೆ ಇರುವುದು ನಿಜವಾದ ಅಕ್ಷರಗಳಾಗಿದ್ದರೆ ಮಾತ್ರ ಇವು ಓದಬಲ್ಲವು. ಸುತ್ತೋಲೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೆ ಅದು ಬರಿಯ ‘ಚಿತ್ರ’. ಹಳೆಯ ನುಡಿ ಅಕ್ಷರಗಳಲ್ಲಿ ಮಾಡಿದ ಕಡತವಾದರೆ ಇನ್ನೂ ವಿಚಿತ್ರ: ನಮ್ಮ ಕಣ್ಣಿಗೆ ‘ಕ’ ಕಂಡರೂ ಒಳಗೆ ಇರುವುದು ಬೇರೊಂದು ಇಂಗ್ಲಿಷ್ ಚಿಹ್ನೆಯ ಸಂಖ್ಯೆ. ತಂತ್ರಾಂಶವು ಆ ಸಂಖ್ಯೆಯನ್ನೇ ಓದಿ ಅರ್ಥವಿಲ್ಲದ ಸದ್ದು ಮಾಡುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮವೇ ಆದ ಸಂಖ್ಯೆಗಳಿರುವುದರಿಂದ ಈ ಗೊಂದಲವಿಲ್ಲ. ಪರೀಕ್ಷಿಸುವ ಉಪಾಯ ಸರಳ. ಕಡತದ ಒಂದು ಸಾಲನ್ನು ಆರಿಸಿ, ನಕಲಿಸಿ, ವಾಟ್ಸಾಪಿನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಅಂಧರೂ ಓದಬಲ್ಲರು. ಇಂಗ್ಲಿಷ್ ಚಿಹ್ನೆಗಳ ಗುಂಪು ಬಂದರೆ, ಅಥವಾ ಸಾಲನ್ನು ಆರಿಸಲಿಕ್ಕೇ ಬಾರದಿದ್ದರೆ, ಓದಲಾರರು.

ಇದು ಕೇವಲ ಅನುಕೂಲದ ಪ್ರಶ್ನೆಯೆಂದು ತಿಳಿಯಬಾರದು. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ಹೇಳಿದೆ. ಪುಸ್ತಕಗಳ ವಿಷಯದಲ್ಲಿ ನಮ್ಮ ದೇಶ ಮುಂದೆಯೇ ಇದೆ. ಅಂಧರು ಓದಬಹುದಾದ ರೂಪಕ್ಕೆ ಗ್ರಂಥಗಳನ್ನು ತರಲು ಹಕ್ಕುಸ್ವಾಮ್ಯ ಅಡ್ಡಿಯಾಗದಂತೆ ಮಾಡಿದ 2013ರ ಮರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಅಂಥ ಪುಸ್ತಕಗಳು ಸಿಗುತ್ತವೆ. ಕಿವುಡ ಮಕ್ಕಳಿಗಾಗಿ ಭಾರತೀಯ ಸಂಜ್ಞಾ ಭಾಷೆಯ 10,000 ಪದಗಳ ವಿಡಿಯೊ ನಿಘಂಟು 2021ರಿಂದ ಉಚಿತವಾಗಿ ಲಭ್ಯವಿದೆ. ಮಗುವಿನೊಡನೆ ತಾಯಿಯೂ ಅಣ್ಣತಂಗಿಯರೂ ಕೂತು ದಿನಕ್ಕೆ ನಾಲ್ಕು ಪದ ಕಲಿತರೂ ಮನೆಯೊಳಗೆ ಮಾತು ಹುಟ್ಟುತ್ತದೆ.

ಕಳೆದ ಶ್ರಾವಣದ ಪ್ರವಚನಕ್ಕೆ ಸೇಡಂ ಕಡೆಯಿಂದ ಒಬ್ಬ ಅಂಧ ವಿದ್ಯಾರ್ಥಿ ಬರುತ್ತಿದ್ದ. ಬಿ.ಎ. ಓದುತ್ತಿದ್ದಾನೆ. ಮನೆಯಲ್ಲಿ ಅವನ ಅವ್ವ ಈ ಪತ್ರಿಕೆಯನ್ನು ಅವನಿಗೆ ಓದಿ ಹೇಳುತ್ತಾಳಂತೆ. “ಅವ್ವಗ ಕಣ್ಣು ಮಂಜ ಆಗ್ಯಾವ್ರಿ. ಫೋನಿನಾಗ ಬರೋ ನಿಮ್ಮ ಪುಸ್ತಕ ನಾನೇ ಓದ್ಬೇಕಂದ್ರ ಅದು ಏನೇನೋ ಒದರ್ತದ” ಎಂದು ನಗುತ್ತ ಹೇಳಿದ. ಸಂಪಾದಕರಲ್ಲಿ ಅರಿಕೆ ಮಾಡಿಕೊಂಡೆವು. ಅಚ್ಚಿನ ಮನೆಯವರು ಹಳೆಯ ಅಕ್ಷರಗಳಲ್ಲಿಯೇ ಪುಟ ಕಟ್ಟಲಿ, ಆದರೆ ಲೇಖಕರು ಕಳುಹಿಸುವ ಯೂನಿಕೋಡ್ ಪ್ರತಿಯನ್ನು ಬೇರೆ ಇಟ್ಟು ಭಕ್ತರ ಗುಂಪಿಗೆ ಹಂಚಬಹುದೆಂದು ಅವರು ಒಪ್ಪಿದ್ದಾರೆ. ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಲಬುರಗಿಗೆ ಕಳುಹಿಸಿದ್ದೇವೆ. ಈ ಲೇಖನವನ್ನು ಮೊದಲು ಆ ಹುಡುಗನ ಫೋನಿಗೇ ಕಳುಹಿಸಿದ್ದೆವು; ಪೂರ್ತಿ ಕೇಳಿ, ಟಾಕ್‌ಬ್ಯಾಕ್ ಕುರಿತು ನಾವು ತಪ್ಪಾಗಿ ಬರೆದಿದ್ದ ಒಂದು ಸಾಲನ್ನು ತಿದ್ದಿಸಿದ್ದಾನೆ.